ತೊಡಕಿನ ಸುಖ

ಗೋಕಾಕವೆಂದರೆ ಹೊರಗಿನವರಿಗೆ ಕರದಂಟು ನೆನಪಾಗುತ್ತದೆ, ಜಲಪಾತ ನೆನಪಾಗುತ್ತದೆ. ಊರವರಾದ ನಮಗೆ ಇನ್ನೊಂದು ವಸ್ತುವೂ ನೆನಪಾಗಬೇಕು. ಅದು ಇಲ್ಲಿಯ ಬಣ್ಣದ ಕಟ್ಟಿಗೆಯ ಆಟಿಕೆ. ಇಲ್ಲಿಯ ಕುಶಲಿಗರು ಕೆತ್ತಿ ಬಣ್ಣವಿಟ್ಟ ಹಣ್ಣುಗಳನ್ನು ತಟ್ಟೆಯಲ್ಲಿಟ್ಟರೆ, ಕೈಯಿಕ್ಕಿ ನೋಡಿದ ಮೇಲೆಯೇ ಅವು ಕಟ್ಟಿಗೆಯವೆಂದು ತಿಳಿಯುವುದು. ಕಣ್ಣು ನಂಬಿದ್ದನ್ನು ಕೈ ಮುಟ್ಟಿ ಪರೀಕ್ಷಿಸಬೇಕೆಂಬ ಮೊದಲ ಪಾಠ ನನಗೆ ದೊರೆತದ್ದು ಆ ಹಣ್ಣುಗಳಿಂದಲೇ ಇರಬೇಕು. ಎರಡನೆಯ ಪಾಠ ದೊರೆತದ್ದು ಕಂಪ್ಯೂಟರಿನ ಕೆಲವು ಹಳೆಯ ಆಟಗಳಿಂದ. ಕನ್ನಡದ ಅಧ್ಯಾಪಕನೊಬ್ಬ ಸಾಹಿತ್ಯದ ಪುಟದಲ್ಲಿ ಕಂಪ್ಯೂಟರ್ ಆಟದ ಮಾತೆತ್ತಿದರೆ ಹಿರಿಯರು ಹುಬ್ಬೇರಿಸಿಯಾರು. ಆದರೂ ಒಗಟನ್ನೂ ಬೆಡಗಿನ ವಚನವನ್ನೂ ಪತ್ತೇದಾರಿ ಕಾದಂಬರಿಯನ್ನೂ ವಿಚಾರಿಸುವ ವಿಮರ್ಶೆಗೆ ಈ ಆಟಗಳು ತೀರ ಹೊರಗಿನವಲ್ಲವೆಂದು ನನ್ನ ನಂಬಿಕೆ.

ನಾನು ಹೇಳುತ್ತಿರುವುದು ಓಡುವ, ಹೊಡೆಯುವ, ಗುಂಡು ಹಾರಿಸುವ ಆಟಗಳ ಮಾತಲ್ಲ. ಪರದೆಯ ಮೇಲೆ ಒಂದು ಚಿತ್ರವಿರುತ್ತದೆ: ಒಂದು ಕೋಣೆ, ಒಂದು ಬೀದಿ, ಒಂದು ಪಾಳುಗೋಡೆ. ಮೌಸಿನ ಬಾಣವನ್ನು ಒಂದೊಂದು ವಸ್ತುವಿನ ಮೇಲೆ ಇಟ್ಟು ಒತ್ತುತ್ತ ಹೋಗಬೇಕು. ಎಲ್ಲಿಯೋ ಒಂದು ಕೀಲಿಕೈ, ಎಲ್ಲಿಯೋ ಹರಿದ ಚೀಟಿ, ಯಾರದೋ ಬಾಯಿಂದ ಜಾರಿದ ಒಂದು ಮಾತು. ಇವನ್ನೆಲ್ಲ ಕೂಡಿಸಿ ಮುಚ್ಚಿದ ರಹಸ್ಯವನ್ನು ಬಿಡಿಸಬೇಕು. ಅಮೆರಿಕೆಯ ರಾಬರ್ಟಾ ವಿಲಿಯಮ್ಸ್ ಎಂಬ ಮಹಿಳೆ ತಮ್ಮ ಪತಿಯೊಡನೆ 1980ರಲ್ಲಿ ಹೊರತಂದ ‘ಮಿಸ್ಟರಿ ಹೌಸ್’ ಈ ಜಾತಿಯ ಆದ್ಯ ಕೃತಿಗಳಲ್ಲೊಂದು. ಅದರಲ್ಲಿ ಬರಿಯ ಗೆರೆಯ ಚಿತ್ರಗಳಿದ್ದವು, ಆಜ್ಞೆಗಳನ್ನು ಬೆರಳಚ್ಚಿಸಬೇಕಾಗಿತ್ತು. 1987ರ ‘ಮೇನಿಯಾಕ್ ಮ್ಯಾನ್ಷನ್’ ಆಟ ಬೆರಳಚ್ಚನ್ನು ಬಿಡಿಸಿ, ಕ್ರಿಯಾಪದಗಳನ್ನು ಪರದೆಯ ಕೆಳಗೆ ಸಾಲಾಗಿ ಜೋಡಿಸಿಕೊಟ್ಟಿತು. ಮುಂದೆ 1990ರ ‘ಮಂಕಿ ಐಲ್ಯಾಂಡ್’, 1993ರ ‘ಗೇಬ್ರಿಯಲ್ ನೈಟ್’ ಮತ್ತು ‘ಮಿಸ್ಟ್’, 1996ರ ‘ಬ್ರೋಕನ್ ಸ್ವೋರ್ಡ್’ ಬಂದವು. ‘ಮಿಸ್ಟ್’ ಒಂದೇ ಅರುವತ್ತು ಲಕ್ಷಕ್ಕೆ ಮಿಕ್ಕಿ ಪ್ರತಿಗಳು ಮಾರಾಟವಾದ ಆಟ. ಬಳಿಕ ಈ ಜಾತಿ ಸೊರಗಿತು, ಆದರೆ ಸಾಯಲಿಲ್ಲ. ಹಳೆಯ ಆಟಗಳನ್ನು ಹೊಸ ಯಂತ್ರಗಳಲ್ಲಿ ಆಡಲು ಬರುವಂತೆ ಮಾಡುವ ‘ಸ್ಕಮ್ ವಿಎಮ್’ ಎಂಬ ಸಾಧನವನ್ನು ಹವ್ಯಾಸಿಗಳು 2001ರಿಂದ ಬೆಳೆಸಿಕೊಂಡು ಬಂದಿದ್ದಾರೆ. ‘ಬ್ರೋಕನ್ ಸ್ವೋರ್ಡ್’ ಹೊಸ ಬಣ್ಣ ತೊಟ್ಟು 2024ರಲ್ಲಿ ಮತ್ತೆ ಬಂದಿದೆ.

ಇವು ಇಷ್ಟು ಕಾಲ ಬಾಳಿದ್ದೇಕೆ? ಹಳೆಯದೆಲ್ಲ ಹೊನ್ನು ಎಂಬ ಹಂಬಲವೇ ಕಾರಣವೆಂದು ಕೆಲವರು ಅಂದಾರು. ನನ್ನ ಮಟ್ಟಿಗೆ ಆ ಮಾತು ಅರ್ಧ ನಿಜ. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ ಹುಕ್ಕೇರಿಯ ಗೆಳೆಯನೊಬ್ಬನ ಕೋಣೆಯಲ್ಲಿ ರಾತ್ರಿಗಟ್ಟಲೆ ಕುಳಿತು ಈ ಆಟಗಳನ್ನು ಆಡಿದವನು ನಾನು. ಆ ಕೋಣೆಯ ಚಹದ ವಾಸನೆ ಇನ್ನೂ ಮೂಗಿನಲ್ಲಿದೆ. ಆದರೆ ಕಳೆದ ಬೇಸಿಗೆಯಲ್ಲಿ ಮೂಡಲಗಿಯ ನನ್ನ ಅಕ್ಕನ ಮಗ, ಹದಿನಾಲ್ಕರ ಹುಡುಗ, ‘ಮಂಕಿ ಐಲ್ಯಾಂಡ್’ ಮುಂದೆ ನಾಲ್ಕು ದಿನ ಅಲುಗದೆ ಕುಳಿತನಲ್ಲ, ಅವನಿಗೆ ಯಾವ ಹಳೆಯ ನೆನಪು? ಆಟ ಹುಟ್ಟಿದಾಗ ಅವನ ತಾಯಿಯೇ ಶಾಲೆಯ ಹುಡುಗಿ. ಹೀಗಿರುವುದರಿಂದ ಕಾರಣವನ್ನು ನೆನಪಿನಲ್ಲಲ್ಲ, ಆಟದ ರಚನೆಯಲ್ಲಿಯೇ ಹುಡುಕಬೇಕು.

ವ್ಯಾಕರಣ ಕಲಿಸುವವನಿಗೆ ಮೊದಲು ಕಾಣುವುದು ಪರದೆಯ ಕೆಳಗಿನ ಆ ಕ್ರಿಯಾಪದಗಳ ಸಾಲು. ತೆರೆ, ಮುಚ್ಚು, ಎತ್ತಿಕೋ, ನೋಡು, ಕೊಡು, ತಳ್ಳು, ಎಳೆ, ಮಾತಾಡು: ಎಲ್ಲವೂ ವಿಧಿರೂಪಗಳು. ಒಂದನ್ನು ಒತ್ತಿ, ಬಳಿಕ ಚಿತ್ರದಲ್ಲಿಯ ವಸ್ತುವನ್ನು ಒತ್ತಿದರೆ ಕರ್ಮಪದ ಸೇರಿತು. ಕೀಲಿಯಿಂದ ಬಾಗಿಲನ್ನು ತೆರೆಯಬೇಕಾದರೆ ತೃತೀಯಾ ವಿಭಕ್ತಿಯೂ ಬಂದಿತು. ಕೇಶಿರಾಜ 13ನೆಯ ಶತಮಾನದಲ್ಲಿ ವಿಂಗಡಿಸಿಟ್ಟ ಕಾರಕಗಳನ್ನು ಹುಡುಗನೊಬ್ಬ ತನಗರಿವಿಲ್ಲದೆಯೇ ಜೋಡಿಸುತ್ತಿರುತ್ತಾನೆ. ಈ ವಾಕ್ಯಗಳಲ್ಲಿ ಕರ್ತೃಪದ ಮಾತ್ರ ಎಲ್ಲಿಯೂ ಬರೆದಿಲ್ಲ. ಅದು ಆಡುವವನೇ. ಅವನು ವಾಕ್ಯವನ್ನು ಕಟ್ಟದೆ ಕಥೆ ಒಂದು ಹೆಜ್ಜೆಯೂ ಮುಂದೆ ಸಾಗುವುದಿಲ್ಲ.

ಪತ್ತೇದಾರಿ ಕಾದಂಬರಿಗೂ ಈ ಆಟಕ್ಕೂ ಇರುವ ಅಂತರ ಇಲ್ಲಿಯೇ ಇದೆ. 1952ರಲ್ಲಿ ಪತ್ತೇದಾರ ಪುರುಷೋತ್ತಮನನ್ನು ಕನ್ನಡಿಗರಿಗೆ ಪರಿಚಯಿಸಿದ ಎನ್. ನರಸಿಂಹಯ್ಯನವರು ಮುಂದೆ ಸುಮಾರು 500 ಕಾದಂಬರಿಗಳನ್ನು ಬರೆದರು. ಹೆಚ್ಚಿನ ಶಾಲಾವಿದ್ಯೆಯಿಲ್ಲದ ಅವರು ಕನ್ನಡದಲ್ಲಿ ಓದುವವರ ಒಂದು ಪಡೆಯನ್ನೇ ನಿರ್ಮಿಸಿದರೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಕಾದಂಬರಿಗಳಲ್ಲಿ ಪತ್ತೇದಾರ ಮುಂದೆ, ಓದುಗ ಹಿಂದೆ. ಓದುಗನಿಗೆ ತಿಳಿಯಲಿ ಬಿಡಲಿ, ಪುಟ ತಿರುವಿದರೆ ಕೊಲೆಗಾರ ಸಿಕ್ಕಿಬೀಳುತ್ತಾನೆ. ತಾಳ್ಮೆ ತಪ್ಪಿದವನು ಕೊನೆಯ ಪುಟವನ್ನೇ ಮೊದಲು ನೋಡಿಬಿಡಬಹುದು. ಆಟದಲ್ಲಿ ಪತ್ತೇದಾರ ಕೈಕಟ್ಟಿ ನಿಂತಿರುತ್ತಾನೆ. ಆಡುವವನಿಗೆ ಹೊಳೆಯುವ ತನಕ ಅವನಿಗೂ ಹೊಳೆಯುವುದಿಲ್ಲ. ಪುಸ್ತಕ ನಮ್ಮನ್ನು ಕರೆದೊಯ್ಯುತ್ತದೆ. ಆಟ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಈ ತಡೆಯೇ ಅದರ ರಸದ ಮೂಲವೆಂದು ನಾನು ಹೇಳಬಯಸುತ್ತೇನೆ.

ತಡೆ ಎಂದರೆ ಶಿಕ್ಷೆಯಲ್ಲ. ‘ಮಂಕಿ ಐಲ್ಯಾಂಡ್’ ನಿರ್ಮಿಸಿದ ರಾನ್ ಗಿಲ್ಬರ್ಟ್, ಅದರ ಹಿಂದಿನ ವರುಷವೇ ಒಂದು ಲೇಖನ ಬರೆದು ತಮ್ಮ ಕಸುಬಿನ ದೋಷಗಳನ್ನು ತಾವೇ ಎತ್ತಿ ತೋರಿಸಿದ್ದರು. ತಪ್ಪು ಮಾಡಿದವನನ್ನು ಕಾರಣವಿಲ್ಲದೆ ಸಾಯಿಸುವುದು, ಮುಂದೆ ದಾರಿಯೇ ಇಲ್ಲದ ಕಡೆ ಸಿಕ್ಕಿಸಿಬಿಡುವುದು ಅನ್ಯಾಯವೆಂಬುದು ಅವರ ವಾದದ ತಿರುಳು. ಅದನ್ನು ಪಾಲಿಸಿದ ಆಟಗಳಲ್ಲಿ ಗಡಿಯಾರ ಬೆನ್ನಟ್ಟುವುದಿಲ್ಲ, ಸೋಲಿನ ಭಯ ಕಾಡುವುದಿಲ್ಲ. ‘ಮಿಸ್ಟ್’ ಆಟದ ದ್ವೀಪದಲ್ಲಂತೂ ಎದುರಾಗಿ ಹೋರಾಡುವ ವೈರಿಯೇ ಇಲ್ಲ. ನೀರು, ಗಾಳಿ, ಜನರು ಬಿಟ್ಟುಹೋದ ಕಟ್ಟಡಗಳು, ಓದಬೇಕಾದ ಕೆಲವು ಪುಸ್ತಕಗಳು, ಅಷ್ಟೇ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದ ನೀರು ಇಳಿದ ಬೇಸಿಗೆಗಳಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲ ಗುಡಿ ಮೇಲೆದ್ದು ಕಾಣುತ್ತದೆ. ಅದರ ಮುಂದೆ ನಿಂತವರಿಗೆ ಈ ಭಾವದ ಪರಿಚಯವಿದ್ದೀತು. ಕಂಬವನ್ನು ಮುಟ್ಟುತ್ತೇವೆ, ಹೊಸ್ತಿಲನ್ನು ನೋಡುತ್ತೇವೆ, ಇಲ್ಲಿ ಯಾರಿದ್ದರು, ಯಾವ ಬಾಗಿಲು ಯಾವ ಕಡೆಗಿತ್ತು ಎಂದು ಮನಸ್ಸು ತಾನಾಗಿಯೇ ಕೇಳತೊಡಗುತ್ತದೆ. ಲಾಕ್ಷಣಿಕರು ಇದನ್ನು ಅದ್ಭುತವೆಂದಾರು, ವಿಸ್ಮಯವೇ ಇದರ ಸ್ಥಾಯಿ. ಆದರೆ ಆ ವಿಸ್ಮಯ ಕಂಡೊಡನೆ ಮುಗಿಯುವುದಿಲ್ಲ, ಕುತೂಹಲವಾಗಿ ಬೆಳೆದು ಕೈಗೆ ಕೆಲಸ ಕೊಡುತ್ತದೆ.

ಇರಲಿ. ಎಲ್ಲ ತೊಡಕೂ ಒಳ್ಳೆಯ ತೊಡಕೆಂದು ಹೇಳಿದರೆ ಅದು ವಿಮರ್ಶೆಯಾಗದು. 1999ರಲ್ಲಿ ಬಂದ ಮೂರನೆಯ ‘ಗೇಬ್ರಿಯಲ್ ನೈಟ್’ ಆಟದಲ್ಲಿ ನಾಯಕ ಮೋಟಾರ್ ಸೈಕಲ್ಲನ್ನು ಬಾಡಿಗೆಗೆ ಪಡೆಯಲು ತನ್ನ ಗೆಳೆಯನ ವೇಷ ಹಾಕಬೇಕು. ಅದಕ್ಕಾಗಿ ಬೆಕ್ಕಿನ ಕೂದಲು ಕೂಡಿಸಿ ಹುಸಿಮೀಸೆ ಮಾಡಿಕೊಳ್ಳಬೇಕು. ವಿಚಿತ್ರವೆಂದರೆ ಆ ಗೆಳೆಯನಿಗೆ ಮೀಸೆಯೇ ಇಲ್ಲ! ಅವನ ಪಾಸ್‌ಪೋರ್ಟಿನ ಚಿತ್ರಕ್ಕೂ ಮೀಸೆ ಬರೆಯಬೇಕು. ಇಂಥದನ್ನು ಯಾವ ಬುದ್ಧಿವಂತ ಊಹಿಸಿಯಾನು? ‘ಬ್ರೋಕನ್ ಸ್ವೋರ್ಡ್’ ಆಟದ ಆಡಿನ ಪ್ರಸಂಗವೂ ಇಂಥದೇ. ಆಟದುದ್ದಕ್ಕೂ ನಿಧಾನವಾಗಿ ಯೋಚಿಸುವವನಿಗೆ ಗೆಲುವು. ಐರ್ಲೆಂಡಿನ ಪಾಳುಕೋಟೆಯಲ್ಲಿ ಮಾತ್ರ, ಆಡು ಹಾಯ್ದು ಕೆಡವಿದ ಮರುಕ್ಷಣವೇ ಚುರುಕಾಗಿ ಒಂದೆಡೆ ಒತ್ತಿ ಅದನ್ನು ಅದರ ಹಗ್ಗದಲ್ಲಿಯೇ ಸಿಕ್ಕಿಸಬೇಕು. ನಾನೂ ನನ್ನ ಗೆಳೆಯನೂ ಆ ಆಡಿನ ಮುಂದೆ ಒಂದು ವಾರ ಬಿದ್ದು ಬಿದ್ದು ಎದ್ದೆವು. ಆಟ ತಾನೇ ಕಲಿಸಿದ ನಿಯಮವನ್ನು ತಾನೇ ಮುರಿದಿತ್ತು. ಭಾಮಹನು ವ್ಯಾಖ್ಯಾನವಿಲ್ಲದೆ ತಿಳಿಯದ ಕಾವ್ಯವನ್ನು ಒಪ್ಪಲಿಲ್ಲ. ದಂಡಿಯಾದರೋ ಪ್ರಹೇಲಿಕೆಗಳಿಗೆ ವಿನೋದಗೋಷ್ಠಿಗಳಲ್ಲಿ ಒಂದು ಸ್ಥಾನ ಕೊಟ್ಟು, ಅವುಗಳ ಬಗೆಗಳನ್ನು ವಿವರಿಸಿದನು. ಇಬ್ಬರ ಮಾತೂ ಸರಿಯೆಂದು ನನಗೆ ತೋರುತ್ತದೆ. ಬಿಡಿಸಿದ ಮೇಲೆ ‘ಅಯ್ಯೋ, ಇದು ನನಗೆ ಹೊಳೆಯಬೇಕಾಗಿತ್ತಲ್ಲ’ ಎನ್ನಿಸಿದರೆ ಅದು ಒಗಟು. ‘ಇದು ಯಾರಿಗೆ ತಾನೇ ಹೊಳೆದೀತು’ ಎನ್ನಿಸಿದರೆ ಅದು ಬರಿಯ ಪೀಡೆ.

ಒಳ್ಳೆಯ ಒಗಟಿಗೆ ‘ಮಂಕಿ ಐಲ್ಯಾಂಡ್’ ಆಟದ ಕತ್ತಿವರಸೆಯೇ ಸಾಕ್ಷಿ. ಅಲ್ಲಿ ಗೆಲ್ಲುವುದು ಕೈಬಲದಿಂದಲ್ಲ, ಮಾತಿನಿಂದ. ಒಬ್ಬನು ಹಂಗಿಸುತ್ತಾನೆ, ಅದಕ್ಕೆ ತಕ್ಕ ಮರುಮಾತು ಆಡಿದವನ ಕತ್ತಿ ಮುಂದೆ ಸರಿಯುತ್ತದೆ. ದಾರಿಯಲ್ಲಿ ಸಿಕ್ಕ ಕಡಲುಗಳ್ಳರೊಡನೆ ಸೋತು ಸೋತು ಹಂಗಿನ ಮಾತನ್ನೂ ಮರುಮಾತನ್ನೂ ಕಲಿಯಬೇಕು. ಎಲ್ಲ ಬಾಯಿಪಾಠವಾದ ಮೇಲೆ ಕತ್ತಿವರಸೆಯ ಗುರುವಾದ ಹೆಂಗಸಿನ ಎದುರು ನಿಂತರೆ, ಆಕೆ ಹಿಂದೆಂದೂ ಕೇಳದ ಹಂಗುಗಳನ್ನೇ ಎಸೆಯುತ್ತಾಳೆ! ಕಲಿತ ಮರುಮಾತುಗಳೇ ಅವಕ್ಕೂ ಉತ್ತರ. ಆದರೆ ಯಾವುದಕ್ಕೆ ಯಾವುದು ಎಂಬುದನ್ನು ಬಾಯಿಪಾಠ ಹೇಳಿಕೊಡದು. ಮಾತಿನ ಅರ್ಥ ತಿಳಿದಿರಬೇಕು.

ಇಂಗ್ಲಿಷ್ ತಡವರಿಸುವ ಹುಡುಗನಿಗಾಗಿ ನಾನು ಈ ಹಂಗುಗಳನ್ನು ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದೆ. ಅರ್ಧ ಗಂಟೆಯಲ್ಲಿ ನನಗೆ ತಿಳಿಯಿತು: ಇದು ನಾನು ಎಂದೋ ಕೇಳಿದ ಸಂಗತಿ. ನಮ್ಮ ಸೀಮೆಯ ಜಾತ್ರೆಗಳಲ್ಲಿ ಹರದೇಶಿ ನಾಗೇಶಿ ಮೇಳಗಳು ಎದುರುಬದಿರು ನಿಂತು, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳಗಿನ ತನಕ ಸವಾಲು ಜವಾಬು ಹಾಡುವುದಿಲ್ಲವೇ? ಒಂದು ಮೇಳ ಹಾಕಿದ ತೊಡಕನ್ನು ಇನ್ನೊಂದು ಮೇಳ ಬಿಡಿಸಬೇಕು. ಬಿಡಿಸಲಾರದೆ ನಿಂತರೆ ನೆರೆದ ಮಂದಿಯೆಲ್ಲ ಆ ಮೌನವನ್ನು ಕೇಳುತ್ತ ಕುಳಿತಿರುತ್ತದೆ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನೂ ಕೌಜಲಗಿ ನಿಂಗಮ್ಮನ ಕಂಠವನ್ನೂ ಕೊಟ್ಟ ನೆಲ ಇದು. ಮಾತಿಗೆ ಮಾತು ಎದುರಾಗಿ ನಿಲ್ಲುವ ಸುಖ ನಮಗೆ ಹೊಸತಲ್ಲ.

ಗುರುವಿನೆದುರು ಹುಡುಗ ನಾಲ್ಕು ಬಾರಿ ಸೋತ. ಆಗ ಅವನು ಕೇಳಿದ:

“ಮಾಮಾ, ಇದರ ಉತ್ತರ ಫೋನಿನ್ಯಾಗ ಇರತೈತಿ. ನೋಡಿಬಿಡ್ಲೇನು?”

“ನೋಡು, ನಾ ಏನೂ ಅನ್ನೂದಿಲ್ಲ. ಆದರ ನೋಡಿದ ಮ್ಯಾಲ ನಿನಗ ಆಡಲಿಕ್ಕೆ ಏನ ಉಳೀತದ?” ಎಂದೆ.

ಹುಡುಗ ಸುಮ್ಮನಾದ. ಈ ಮಾತನ್ನು ಆಡಿದ ನನಗೆ ಮಾತ್ರ ಒಳಗೆ ಸ್ವಲ್ಪ ಚುಚ್ಚಿತು. ಏಕೆಂದರೆ ವರುಷಗಳಿಂದ ತರಗತಿಯಲ್ಲಿ ನಾನು ಮಾಡುತ್ತ ಬಂದದ್ದೇನು? ಅಲ್ಲಮನ ಬೆಡಗಿನ ವಚನವೊಂದನ್ನು ಓದಿ, ಎರಡು ನಿಮಿಷವೂ ತಡೆಯದೆ, ಈ ಪ್ರತೀಕಕ್ಕೆ ಈ ಅರ್ಥ, ಆ ಪ್ರತೀಕಕ್ಕೆ ಆ ಅರ್ಥ ಎಂದು ಬರೆಸಿಬಿಡುತ್ತಿದ್ದೆ. ಹುಡುಗರು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಅದನ್ನೇ ಒಪ್ಪಿಸುತ್ತಿದ್ದರು, ಎಲ್ಲರಿಗೂ ಸಮಾಧಾನ. ಬೆಡಗು ಮಾತ್ರ ಅಲ್ಲಿಯೇ ಸತ್ತುಹೋಗುತ್ತಿತ್ತು. ಉತ್ತರ ಕೊಟ್ಟು ಒಗಟನ್ನು ಕಸಿದುಕೊಳ್ಳುವ ಕೆಲಸವನ್ನು ಫೋನು ಹುಟ್ಟುವ ಮೊದಲೇ ನಮ್ಮ ‘ಗೈಡು’ಗಳೂ ನನ್ನಂಥ ಅಧ್ಯಾಪಕರೂ ಮಾಡುತ್ತಿದ್ದೆವು. ಯಂತ್ರವನ್ನು ಮಾತ್ರ ದೂರಿ ಏನು ಫಲ?

ಈ ಹಳೆಯ ಆಟಗಳ ಬಾಳಿಕೆಯ ಗುಟ್ಟು ಇಲ್ಲಿದೆಯೆಂದು ನನಗೆ ತೋರುತ್ತದೆ. ಕೇಳುವ ಮೊದಲೇ ಉತ್ತರ ಬಂದು ಬೀಳುವ ಕಾಲದಲ್ಲಿ ಅವು ನಮ್ಮನ್ನು ತಿಳಿಯದವರಾಗಿ ಇರಗೊಡುತ್ತವೆ. ತಿಳಿಯದೆ ಇರುವುದು ಅವಮಾನವಲ್ಲ, ಅದೊಂದು ಸ್ಥಿತಿ. ಅಲ್ಲಿ ಸ್ವಲ್ಪ ಹೊತ್ತು ಕುಳಿತವನಿಗೆ ಮಾತ್ರ ತಿಳಿವು ತನ್ನದಾಗುತ್ತದೆ ಎಂಬುದನ್ನು ಅವು ಉಪದೇಶವಿಲ್ಲದೆ ಕಲಿಸುತ್ತವೆ. ಅವುಗಳ ಚಿತ್ರ ಮಸುಕಾಗಿರಬಹುದು, ಕಥೆ ಕೆಲವೆಡೆ ತೆಳುವಾಗಿರಬಹುದು, ಪಾತ್ರಗಳು ಗೊಂಬೆಗಳಂತೆ ನಡೆಯಬಹುದು. ಶ್ರೇಷ್ಠ ಕಾದಂಬರಿ ತೋರಿಸುವ ಮನುಷ್ಯಾಂತರಂಗದ ಆಳ ಅಲ್ಲಿ ದೊರೆಯದು, ಅದನ್ನು ಅಲ್ಲಿ ಹುಡುಕಲೂ ಬಾರದು. ಆದರೆ ಒಗಟನ್ನು ಮಹಾಕಾವ್ಯದ ಅಳತೆಗೋಲಿನಿಂದ ಅಳೆಯುವವರಾರು?

ಒಂದು ಕೊರಗು ಮಾತ್ರ ಉಳಿಯುತ್ತದೆ. ನನ್ನ ಕೈಗೆ ಬಂದ ಇಂಥ ಆಟಗಳಲ್ಲಿ ಒಂದೂ ಕನ್ನಡದ್ದಲ್ಲ. ಪ್ಯಾರಿಸಿನ ಕಾಫಿಯಂಗಡಿಯ ಸ್ಫೋಟದ ಜಾಡು ಹಿಡಿದು ಹೋದೆವು, ನ್ಯೂ ಆರ್ಲಿಯನ್ಸಿನ ಕೊಲೆಗಳನ್ನು ಶೋಧಿಸಿದೆವು. ಹುಕ್ಕೇರಿಯ ಹಳೆಯ ಗುಮ್ಮಟಗಳ ನೆರಳಿನಲ್ಲಿ, ಗೋಕಾಕ ಫಾಲ್ಸಿನ ತೂಗುಸೇತುವೆಯ ಮೇಲೆ ಒಂದು ಕಥೆ ತೆರೆದು, ‘ನೋಡು’, ‘ಮಾತಾಡು’, ‘ಎತ್ತಿಕೋ’ ಎಂದು ನಮ್ಮದೇ ಕ್ರಿಯಾಪದಗಳಲ್ಲಿ ನಮ್ಮ ಹುಡುಗರನ್ನು ಕರೆದರೆ ಹೇಗಿದ್ದೀತು? ಒಗಟುಗಳಿಗಂತೂ ನಮ್ಮಲ್ಲಿ ಬರವಿಲ್ಲ. ಕಟ್ಟುವ ಕೈಗಳು ಬೇಕು, ಅಷ್ಟೇ.

ಮೂಡಲಗಿಯ ಹುಡುಗ ಆ ರಾತ್ರಿ ಆಟವನ್ನು ಅಲ್ಲಿಗೇ ಬಿಟ್ಟು ಮಲಗಿದ. ಮರುದಿನ ನಾನು ಗೋಕಾಕಕ್ಕೆ ಮರಳಿದ ಮೇಲೆ ಅವನ ಕರೆ ಬಂದಿತು. “ಮಾಮಾ, ಆಕಿನ್ನ ಗೆದ್ದೆ” ಎಂದ. ಹೇಗೆ ಗೆದ್ದೆ ಎಂದು ನಾನು ಕೇಳಿದರೆ, “ನೀವ ಆಡಿ ನೋಡ್ರಿ” ಎಂದು ನಕ್ಕ. ಈ ವರುಷ ಬೆಡಗಿನ ವಚನ ಬಂದಾಗ ನಾನು ಅರ್ಥ ಬರೆಸಲಿಲ್ಲ. ತರಗತಿ ಬಹಳ ಹೊತ್ತು ಸುಮ್ಮನಿತ್ತು. ಆ ಮೌನ ನನಗೆ ಮೊದಲು ಅಂಜಿಕೆ ತಂದಿತು. ಬಳಿಕ ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು.