ಪ್ರಶಸ್ತಿಯೂ ಶಾಸನವೂ: ಯೂರೋಪಿನ ಆಡಳಿತ ಪುರಸ್ಕಾರಗಳನ್ನು ಕುರಿತು ಒಂದು ವಿಮರ್ಶೆ

ಕನ್ನಡದಲ್ಲಿ 'ಪ್ರಶಸ್ತಿ' ಎಂಬ ಮಾತಿಗೆ ಇಂದು ಬಹುಮಾನವೆಂಬ ಅರ್ಥವೇ ರೂಢಿಯಾಗಿದೆ. ಶಾಸನಗಳನ್ನು ಓದುವವರಿಗೆ ಮಾತ್ರ ಅದರ ಹಳೆಯ ಅರ್ಥವು ಮರೆತಿಲ್ಲ. ದಾನಶಾಸನದ ಮೊದಲ ಭಾಗದಲ್ಲಿ ಅರಸನ ವಂಶ, ಶೌರ್ಯ, ಬಿರುದುಗಳ ಸ್ತುತಿಯಿರುತ್ತದೆ, ಅದು ಪ್ರಶಸ್ತಿ. ಅದು ಮುಗಿದ ಬಳಿಕ ಕೊಟ್ಟ ಭೂಮಿ ಎಷ್ಟು, ಅಳೆದ ಕೋಲು ಯಾವುದು, ನಾಲ್ಕು ಎಲ್ಲೆಗಳಾವುವು, ಸಾಕ್ಷಿಗಳಾರು ಎಂಬ ವಿವರಗಳು ಬರುತ್ತವೆ. ಮೊದಲನೆಯದರಲ್ಲಿ ಕಾವ್ಯವಿದೆ, ಎರಡನೆಯದರಲ್ಲಿ ಊರಿದೆ. ಕ್ರಿ.ಶ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯನ್ನು ಕೊಂಡಾಡುತ್ತ, ಪಲ್ಲವರ ಒಡೆಯನು ಕಾಂಚಿಯ ಕೋಟೆಯ ಹಿಂದೆ ಮರೆಯಾಗಬೇಕಾಯಿತೆಂದು ಹೇಳುತ್ತಾನೆ. ಪಲ್ಲವರ ಕಶಾಕುಡಿ ತಾಮ್ರಶಾಸನವಾದರೋ ಮಹೇಂದ್ರವರ್ಮನು ಪುಳ್ಳಲೂರಿನಲ್ಲಿ ತನ್ನ ಮುಖ್ಯ ವೈರಿಗಳನ್ನು ಧ್ವಂಸಮಾಡಿದನೆಂದು ಸಾರುತ್ತದೆ. ಎರಡನ್ನೂ ಎದುರುಬದುರು ಇಟ್ಟುಕೊಂಡು ಓದುವವನೇ ಚರಿತ್ರಕಾರನು. ಒಂದನ್ನೇ ಓದಿ ತೃಪ್ತನಾಗುವವನು ಹೊಗಳುಭಟರ ಶ್ರೋತೃವಾದಾನೇ ಹೊರತು ವಿದ್ಯಾರ್ಥಿಯಾಗಲಾರನು.

ಇಷ್ಟು ಪೀಠಿಕೆಗೆ ಕಾರಣವಿದೆ. ಕಳೆದ ಮೂರು ದಶಕಗಳಲ್ಲಿ ಯೂರೋಪಿನ ರಾಷ್ಟ್ರಗಳು ತಮ್ಮ ಪುರಸಭೆಗಳು, ಆಸ್ಪತ್ರೆಗಳು, ಕಂದಾಯ ಕಛೇರಿಗಳು ಹೊಸದಾಗಿ ಕಂಡುಕೊಂಡ ಕಾರ್ಯವಿಧಾನಗಳನ್ನು ಗುರುತಿಸಿ ಪುರಸ್ಕರಿಸುವುದಕ್ಕೂ, ಒಬ್ಬರು ಕಲಿತುದನ್ನು ಇತರರಿಗೆ ಹಂಚುವುದಕ್ಕೂ ಒಂದು ದೊಡ್ಡ ವ್ಯವಸ್ಥೆಯನ್ನು ಕಟ್ಟಿಕೊಂಡಿವೆ. ಅದರಿಂದ ಹುಟ್ಟಿದ ವರದಿಗಳೂ ಸಂಕಲನಗಳೂ ಒಂದು ಪ್ರತ್ಯೇಕ ಸಾಹಿತ್ಯಪ್ರಕಾರವೆನ್ನುವಷ್ಟು ಬೆಳೆದಿವೆ. ಆ ಪ್ರಕಾರವನ್ನು ಶಾಸನದ ಕಣ್ಣಿನಿಂದ ಓದಿದರೆ ಏನು ಕಾಣುತ್ತದೆಂಬುದೇ ಪ್ರಕೃತ ಲೇಖನದ ವಿಚಾರ. ಬ್ಯಾಂಕಿನ ಅಧಿಕಾರಿಯೊಬ್ಬನು ಈ ವಿಷಯಕ್ಕೆ ಕೈಹಾಕಿದುದಕ್ಕೆ ಸ್ವಂತ ಕಾರಣವೊಂದುಂಟು. ಅದನ್ನು ಮುಂದೆ ನಿವೇದಿಸುತ್ತೇನೆ.

ಮೊದಲು ಸಂಗತಿಗಳು. ಬ್ರಿಟನ್ನಿನಲ್ಲಿ ಜಾನ್ ಮೇಜರರ ಸರಕಾರವು 1991ರಲ್ಲಿ 'ನಾಗರಿಕ ಸನ್ನದು' ಎಂಬ ಕಾರ್ಯಕ್ರಮವನ್ನು ಘೋಷಿಸಿತು. ಅದರ ಅಂಗವಾಗಿ 1992ರಿಂದ ಉತ್ತಮ ಸೇವೆಯ ಕಛೇರಿಗಳಿಗೆ 'ಚಾರ್ಟರ್ ಮಾರ್ಕ್' ಎಂಬ ಮುದ್ರೆಯು ದೊರೆಯತೊಡಗಿತು. ಅದೇ 1992ರಲ್ಲಿ ಜರ್ಮನಿಯ ಸ್ಪೈಯರ್ ನಗರದ ಆಡಳಿತಶಾಸ್ತ್ರ ವಿದ್ಯಾಪೀಠವು ಸರಕಾರಿ ಕಛೇರಿಗಳಿಗಾಗಿ ಗುಣಮಟ್ಟದ ಸ್ಪರ್ಧೆಯನ್ನು ಆರಂಭಿಸಿತು. 2007ರಲ್ಲಿ ಬೆರ್ಟೆಲ್ಸ್‌ಮನ್ ಪ್ರತಿಷ್ಠಾನ ಮೊದಲಾದ ಸಂಸ್ಥೆಗಳು ಯೂರೋಪಿನ ಮಟ್ಟದಲ್ಲಿಯೇ ಒಂದು ಪುರಸ್ಕಾರವನ್ನು ನಡೆಸಿದವು; 2009ರಿಂದ ಅದರ ಹೊಣೆಯು ಹಾಲೆಂಡಿನ ಮಾಸ್ಟ್ರಿಖ್ಟ್ ನಗರದಲ್ಲಿ 1981ರಲ್ಲಿ ಸ್ಥಾಪಿತವಾದ ಯೂರೋಪಿಯನ್ ಆಡಳಿತ ಸಂಸ್ಥೆಗೆ ಬಂದಿತು. ಇದಕ್ಕೆ ಸಮಾನಾಂತರವಾಗಿ, 2000ದಲ್ಲಿ ಲಿಸ್ಬನ್ನಿನಲ್ಲಿ ನಡೆದ ಗುಣಮಟ್ಟ ಸಮ್ಮೇಳನದಲ್ಲಿ 'ಸಾಮಾನ್ಯ ಮೌಲ್ಯಮಾಪನ ಚೌಕಟ್ಟು' ಎಂಬುದು ಪ್ರಕಟವಾಯಿತು. ಇದು ಬಹುಮಾನವಲ್ಲ, ಕಛೇರಿಯೊಂದು ತನ್ನನ್ನು ತಾನೇ ಒಂಬತ್ತು ಮಾನದಂಡಗಳಿಂದ ಪರೀಕ್ಷಿಸಿಕೊಳ್ಳುವ ಕ್ರಮ. ಅವುಗಳಲ್ಲಿ ಐದು ಸಾಧನಗಳನ್ನೂ ನಾಲ್ಕು ಫಲಗಳನ್ನೂ ಕುರಿತವು.

ಇಷ್ಟೊಂದು ಶ್ರಮವೇಕೆಂದರೆ, ಯೂರೋಪಿಯನ್ ಒಕ್ಕೂಟಕ್ಕೆ ಸದಸ್ಯರಾಷ್ಟ್ರಗಳ ಆಂತರಿಕ ಆಡಳಿತದ ಮೇಲೆ ನೇರವಾದ ಅಧಿಕಾರವಿಲ್ಲ. 2009ರಲ್ಲಿ ಜಾರಿಗೆ ಬಂದ ಲಿಸ್ಬನ್ ಒಪ್ಪಂದದ ಮೇರೆಗೆ ಒಕ್ಕೂಟದ ಕಾರ್ಯನಿರ್ವಹಣೆಯ ಕರಾರಿಗೆ ಸೇರಿದ 197ನೆಯ ವಿಧಿಯು ಒಕ್ಕೂಟದ ಕಾನೂನುಗಳ ಪರಿಣಾಮಕಾರಿ ಜಾರಿಯನ್ನು ಎಲ್ಲರಿಗೂ ಸಂಬಂಧಿಸಿದ ವಿಷಯವೆಂದು ಒಪ್ಪಿ, ಆಡಳಿತ ಸಾಮರ್ಥ್ಯವನ್ನು ಹೆಚ್ಚಿಸುವ ಸದಸ್ಯರಾಷ್ಟ್ರಗಳ ಯತ್ನಗಳಿಗೆ ಒಕ್ಕೂಟವು ನೆರವಾಗಬಹುದೆನ್ನುತ್ತದೆ. ಆದರೆ ಕಾನೂನುಗಳನ್ನು ಏಕರೂಪಗೊಳಿಸುವುದನ್ನು ಸ್ಪಷ್ಟವಾಗಿ ತಡೆಯುತ್ತದೆ. ಫಿನ್ಲೆಂಡಿನ ಪುರಸಭೆಯು ಹೇಗೆ ನಡೆಯಬೇಕೆಂದು ಬ್ರಸೆಲ್ಸು ಅಪ್ಪಣೆಮಾಡಲಾರದು. ಅಪ್ಪಣೆಯಿಲ್ಲದೆಡೆ ಉಳಿಯುವುದು ಅನುಕರಣೆಯೊಂದೇ. ಅನುಕರಣೆಗೆ ಆದರ್ಶಗಳು ಬೇಕು. ಆದರ್ಶಗಳನ್ನು ತೋರಿಸಲು ಪುರಸ್ಕಾರ ಬೇಕು. ಈ ತರ್ಕದಲ್ಲಿ ದೋಷವಿಲ್ಲ.

ಗುಣಗಳನ್ನೂ ಹೇಳಬೇಕು. ಮಾಸ್ಟ್ರಿಖ್ಟ್ ಪುರಸ್ಕಾರದಲ್ಲಿ ಅರ್ಜಿಗಳನ್ನು ಒಬ್ಬರೇ ಓದಿ ತೀರ್ಮಾನಿಸುವುದಿಲ್ಲ. ಮೊದಲು ಪರೀಕ್ಷಕರು ಬೇರೆಬೇರೆಯಾಗಿ ಓದಿ, ಅನಂತರ ಕೂಡಿ ಚರ್ಚಿಸುತ್ತಾರೆ. ಮುಂದಿನ ಹಂತಕ್ಕೆ ಆಯ್ದ ಕಛೇರಿಗಳನ್ನು ಸ್ಥಳಕ್ಕೆ ಹೋಗಿ ನೋಡಿ ಬಂದ ಮೇಲೆಯೇ ತೀರ್ಪುಗಾರರ ಮಂಡಲಿಯು ನಿರ್ಣಯಿಸುತ್ತದೆ. ನಮ್ಮ ಅನೇಕ ಪ್ರಶಸ್ತಿಗಳಿಗೆ ಈ ಕಟ್ಟುನಿಟ್ಟು ಬಂದರೆ ಒಳಿತಾದೀತು. ಆರ್ಥಿಕ ಮುಗ್ಗಟ್ಟಿನ ದಿನಗಳಾದ 2013ರಲ್ಲಿ ಆ ಸಂಸ್ಥೆಯು ಸ್ಪರ್ಧೆಯ ವಿಷಯವನ್ನಾಗಿ ಬಿರುಗಾಳಿಯನ್ನು ಎದುರಿಸುವ ಸೃಷ್ಟಿಶೀಲ ಉಪಾಯಗಳನ್ನೇ ಆರಿಸಿಕೊಂಡಿತೆಂಬುದೂ ಶ್ಲಾಘ್ಯವಾದುದು.

ಇನ್ನು ಆಕ್ಷೇಪ. ಇಂತಹ ಸಂಕಲನಗಳ ವೃತ್ತಾಂತಗಳಿಗೆ ಮೂಲವು ಅರ್ಜಿದಾರರು ತಾವೇ ಬರೆದ ಬರಹ. ಬಹುಮಾನಕ್ಕಾಗಿ ಬರೆದ ಬರಹದಲ್ಲಿ ಕಷ್ಟವೆಂಬುದು ಗೆದ್ದ ಕಷ್ಟವಾಗಿಯೇ ಬರುತ್ತದೆ. ಸೋತ ಪ್ರಯತ್ನವು ಬರುವುದಿಲ್ಲ, ಬಂದರೂ ಗೆಲುವಿನ ಮೆಟ್ಟಿಲಾಗಿ ಬರುತ್ತದೆ. ಇದು ಬರೆದವರ ಅಪ್ರಾಮಾಣಿಕತೆಯಲ್ಲ, ಪ್ರಕಾರದ ಧರ್ಮ. ಎರಡನೆಯದಾಗಿ, ಇತರರು ಅನುಸರಿಸಲು ಯೋಗ್ಯವೆ ಎಂಬುದು ತೀರ್ಪಿನ ಮಾನದಂಡಗಳಲ್ಲೊಂದು. ಆದರೆ ಅನುಸರಣಯೋಗ್ಯತೆಯು ಕೊಡುವವನ ಮನೆಯಲ್ಲಿ ತಿಳಿಯುವ ಗುಣವೆ? ಬೀಜದ ಸತ್ತ್ವವನ್ನು ಕಣಜದಲ್ಲಿ ಅಳೆಯಬಹುದು. ಅದು ಇನ್ನೊಂದು ಮಣ್ಣಿನಲ್ಲಿ ಮೊಳೆತೀತೆ ಎಂಬುದನ್ನು ಆ ಮಣ್ಣೇ ಹೇಳಬೇಕು.

ಇದಕ್ಕೆ ಟಿಲ್ಬರ್ಗಿನ ಕಥೆಗಿಂತ ಉತ್ತಮ ನಿದರ್ಶನವನ್ನು ನಾನು ಕಾಣೆ. ಟಿಲ್ಬರ್ಗ್ ದಕ್ಷಿಣ ಹಾಲೆಂಡಿನ ಹಳೆಯ ಉಣ್ಣೆಗಿರಣಿಗಳ ಊರು. ಗಿರಣಿಗಳು ಮುಚ್ಚಿದ ಮೇಲೆ ಹಣಕಾಸಿನ ಇಕ್ಕಟ್ಟಿಗೆ ಸಿಕ್ಕಿದ ಅಲ್ಲಿನ ನಗರಸಭೆಯು 1980ರ ದಶಕದಲ್ಲಿ ತನ್ನ ಇಲಾಖೆಗಳನ್ನು ಒಂದು ವ್ಯಾಪಾರಸಂಸ್ಥೆಯ ಶಾಖೆಗಳಂತೆ ಪುನರ್ರಚಿಸಿತು. ಯಾವ ಸೇವೆ, ಎಷ್ಟು, ಯಾವ ವೆಚ್ಚಕ್ಕೆ ಎಂದು ಲೆಕ್ಕಹಾಕಿ ಅದರ ಪ್ರಕಾರ ಆಯವ್ಯಯವನ್ನು ಮಾಡಿತು. ಇಲಾಖೆಗಳ ಮುಖ್ಯಸ್ಥರೊಡನೆ ಕರಾರು ಮಾಡಿಕೊಂಡಿತು. ಜರ್ಮನಿಯ ಪುರಸಭೆಗಳ ಸಲಹಾಸಂಸ್ಥೆಯಾದ, ಕೊಲೋನಿನ ಕೆ.ಜಿ.ಎಸ್.ಟಿ.ಯು ಅಂದು ಗೆರ್ಹಾರ್ಟ್ ಬಾನರ್ ಎಂಬವರ ನೇತೃತ್ವದಲ್ಲಿತ್ತು. ಅದು ಟಿಲ್ಬರ್ಗನ್ನು ಮಾದರಿಯಾಗಿಟ್ಟುಕೊಂಡು 1990ರ ದಶಕದ ಆರಂಭದಲ್ಲಿ 'ನೂತನ ನಿಯಂತ್ರಣ ಮಾದರಿ'ಯನ್ನು ರೂಪಿಸಿತು. ಎರಡು ಜರ್ಮನಿಗಳು ಒಂದಾದ ತರುವಾಯ ಬೊಕ್ಕಸ ಬರಿದಾಗುತ್ತಿದ್ದ ಊರುಗಳು ಅದರತ್ತ ಧಾವಿಸಿದವು.

ಮುಂದೆ ನಡೆದುದು ವಿಚಿತ್ರ. ಜರ್ಮನಿಯು ಟಿಲ್ಬರ್ಗಿನತ್ತ ನೋಡುತ್ತಿದ್ದ ಕಾಲದಲ್ಲಿಯೇ ಹಾಲೆಂಡು ಬೇರೆ ಕಡೆಗೆ ಮುಖಮಾಡಿತ್ತು. ಅಲ್ಲಿ 1990ರ ಸ್ಥಳೀಯ ಚುನಾವಣೆಗಳಲ್ಲಿ ಮತದಾನವು ಇಳಿದುದರಿಂದ ನಗರಸಭೆಗಳು ಎಚ್ಚತ್ತು, ದಕ್ಷತೆಯ ಚಿಂತೆಯಿಂದ ಜನರ ಪಾಲ್ಗೊಳ್ಳುವಿಕೆಯ ಚಿಂತೆಗೆ ತಿರುಗಿದ್ದವು. ಫ್ರಾಂಕ್ ಹೆಂಡ್ರಿಕ್ಸ್ ಮತ್ತು ಪೀಟರ್ ಟಾಪ್ಸ್ ಎಂಬ ಡಚ್ ವಿದ್ವಾಂಸರು 1999ರ ಒಂದು ಲೇಖನದಲ್ಲಿ, ಎರಡು ನಾಡುಗಳೂ ಎದುರುಬದುರು ದಿಕ್ಕುಗಳಲ್ಲಿ ಸಾಗಿ ನಡುದಾರಿಯಲ್ಲಿ ಒಂದನ್ನೊಂದು ಹಾದುಹೋದುದನ್ನು ವಿವರಿಸಿದ್ದಾರೆ. ಯೋರ್ಗ್ ಬೊಗುಮಿಲ್ ಮತ್ತು ಸಂಗಡಿಗರು ನೂತನ ಮಾದರಿಯ ಹತ್ತು ವರ್ಷಗಳನ್ನು ಕುರಿತು 2007ರಲ್ಲಿ ಪ್ರಕಟಿಸಿದ ಗ್ರಂಥದ ನಿರ್ಣಯವೂ ಗಮನಾರ್ಹ: ಬಹುಮಟ್ಟಿನ ಪುರಸಭೆಗಳು ಏನಾದರೊಂದು ಸುಧಾರಣೆಯನ್ನು ಮಾಡಿವೆ, ಮಾದರಿಯನ್ನು ಸಮಗ್ರವಾಗಿ ಅಳವಡಿಸಿಕೊಂಡವು ಕೆಲವೇ. ಜನರಿಗೆ ನಿಜವಾಗಿ ಉಪಕಾರವಾದುದು ಎಲ್ಲ ಕೆಲಸಗಳನ್ನೂ ಒಂದೇ ಕಡೆ ಮಾಡಿಕೊಡುವ 'ನಾಗರಿಕ ಕಛೇರಿ'ಗಳಿಂದ. ಅಂತಹ ಕಛೇರಿಯಾದರೋ ಟಿಲ್ಬರ್ಗಿನ ಕೊಡುಗೆಯಲ್ಲ. ಜರ್ಮನಿಯದೇ ಆದ ಉನ್ನಾ ಎಂಬ ಊರಿನಲ್ಲಿ 1984ರಲ್ಲಿಯೇ ತೆರೆದಿತ್ತು. ಹೊರನಾಡಿನ ಪ್ರಶಸ್ತಿಯನ್ನು ಓದುವ ಭರದಲ್ಲಿ ನೆರೆಯೂರಿನ ಶಾಸನವು ಹಿಂದಾಯಿತು.

ಈಗ ನನ್ನ ಸ್ವಂತ ಕಾರಣವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಮುಂಬಯಿಯ ಉಪನಗರವೊಂದರ ಶಾಖೆಯಲ್ಲಿದ್ದೆ. ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ತಾವು ಬದುಕಿರುವ ಪ್ರಮಾಣಪತ್ರವನ್ನು ಒಪ್ಪಿಸಬೇಕಷ್ಟೆ. ತಿಂಗಳ ಮೊದಲ ದಿನಗಳಲ್ಲಿ ಮುದುಕರೂ ವಿಧವೆಯರೂ ಬಾಗಿಲಿನಾಚೆಯವರೆಗೆ ನಿಲ್ಲುತ್ತಿದ್ದರು. ಹೆಸರಿನ ಮೊದಲಕ್ಷರದ ಪ್ರಕಾರ ದಿನಗಳನ್ನು ಹಂಚೋಣವೆಂದು ನಾನೇ ಸೂಚಿಸಿದೆ. ಫಲವು ಅನಾಹುತ. ಮರಾಠಿ ಗೃಹಸ್ಥನು ತನ್ನ ಅಡ್ಡಹೆಸರನ್ನು ನೋಡಿ ಬಂದ. ಗುಜರಾತಿ ಹೆಂಗಸು ತನ್ನ ಹೆಸರನ್ನು ನೋಡಿ ಬಂದಳು. ನಮ್ಮ ಕಡೆಯ ಹಿರಿಯರಿಗಂತೂ ಊರಿನ ಅಕ್ಷರವೊ, ತಂದೆಯ ಅಕ್ಷರವೊ, ತಮ್ಮ ಅಕ್ಷರವೊ ತಿಳಿಯದೆ ಹೋಯಿತು. ತಮ್ಮ ದಿನ ಕಳೆದುಹೋಯಿತೆಂದು ಹಿಂತಿರುಗಿ ಮತ್ತೆ ಬಾರದ ಕೆಲವರ ಡಿಸೆಂಬರಿನ ಪಿಂಚಣಿ ನಿಂತಿತು. ಮರುವರ್ಷ ಖಾತೆಯ ಸಂಖ್ಯೆಯ ಕೊನೆಯ ಅಂಕಿಯ ಪ್ರಕಾರ ಹಂಚಿ, ಎಲ್ಲರಿಗೂ ತೆರೆದ ಒಂದು ಕೌಂಟರನ್ನು ಬೇರೆಯಾಗಿ ಇಟ್ಟೆವು. ಸಾಲು ಕರಗಿತು. ಮೇಲಿನ ಕಛೇರಿಯವರು ಉತ್ತಮ ಪದ್ಧತಿಗಳ ಸ್ಪರ್ಧೆಗೆ ಟಿಪ್ಪಣಿಯನ್ನು ಕೇಳಿದಾಗ ಬರೆದವನು ನಾನೇ. ಎರಡನೆಯ ವರ್ಷದ್ದನ್ನು ಬರೆದೆ. ಮೊದಲನೆಯ ವರ್ಷದ್ದನ್ನು ಬಿಟ್ಟೆ. ನಮಗೆ ಫಲಕವು ಬಂದಿತು, ಟಿಪ್ಪಣಿಯು ಎಲ್ಲ ಶಾಖೆಗಳಿಗೂ ಹೋಯಿತು. ಮುಂದಿನ ನವೆಂಬರಿನಲ್ಲಿ ಇನ್ನೊಂದು ಶಾಖೆಯವರು, ಅಂಕಿಗಿಂತ ಹೆಸರು ಜನರಿಗೆ ಸುಲಭವೆಂದು ಭಾವಿಸಿ ನನ್ನ ಪದ್ಧತಿಯನ್ನು ತಿದ್ದಿದರು. ಅಂದರೆ, ನಾನು ಮುಚ್ಚಿಟ್ಟಿದ್ದ ಹಳ್ಳದಲ್ಲಿಯೇ ಬಿದ್ದರು. ಅಲ್ಲಿ ನಿಂತುಹೋದ ಪಿಂಚಣಿಗಳಿಗೆ ಹೊಣೆ ಯಾರು? ಅಂಕಿಯನ್ನು ಏಕೆ ಆರಿಸಿದೆವೆಂಬ ಒಂದು ವಾಕ್ಯವಿದ್ದಿದ್ದರೆ ಅವರು ಅದನ್ನು ತಿದ್ದುತ್ತಿರಲಿಲ್ಲ.

ಆದಕಾರಣ ಯೂರೋಪಿನ ವ್ಯವಸ್ಥೆಯಲ್ಲಿ ನನಗೆ ಹೆಚ್ಚು ಆಶಾದಾಯಕವಾಗಿ ತೋರುವುದು ಬಹುಮಾನಗಳಲ್ಲ. ಅವುಗಳ ಪಕ್ಕದಲ್ಲಿರುವ ಎರಡು ಸಂಗತಿಗಳು. ಒಂದು, ಮೇಲೆ ಹೇಳಿದ ಆತ್ಮಪರೀಕ್ಷೆಯ ಚೌಕಟ್ಟು. ಅಲ್ಲಿ ಗುಮಾಸ್ತರೂ ಅಧಿಕಾರಿಗಳೂ ಕೂಡಿ ಕುಳಿತು ತಮ್ಮ ಕಛೇರಿಯ ಬಲವನ್ನೂ ನ್ಯೂನತೆಯನ್ನೂ ಬರೆದುಕೊಳ್ಳಬೇಕು. ಬರೆದುದಕ್ಕೆ ಆಧಾರವನ್ನು ಕೊಡಬೇಕು. ಬೇಕೆನಿಸಿದರೆ ಹೊರಗಿನ ಸಮಾನವೃತ್ತಿಯವರನ್ನು ಕರೆಸಿ ತೋರಿಸಬಹುದು. ಇನ್ನೊಂದು, ಇಂಗ್ಲೆಂಡಿನಲ್ಲಿ 1999ರಲ್ಲಿ ಆರಂಭವಾಗಿ ಮುಂದೆ ಒಂದು ದಶಕದಷ್ಟು ಕಾಲ ನಡೆದ 'ಬೀಕನ್ ಕೌನ್ಸಿಲ್' ಯೋಜನೆ. ಅದರಲ್ಲಿ ಗೆದ್ದ ಪುರಸಭೆಗೆ ಗೌರವದ ಜೊತೆಗೆ ಒಂದು ಋಣವೂ ಅಂಟುತ್ತಿತ್ತು: ಅದು ಬಾಗಿಲನ್ನು ತೆರೆದು ಇತರ ಪುರಸಭೆಗಳವರನ್ನು ಬರಮಾಡಿಕೊಂಡು ಕಲಿಸಬೇಕು. ಬಂದವರು ಕೌಂಟರಿನ ಹಿಂದೆ ನಿಂತು ಕೇಳುವ ಪ್ರಶ್ನೆಗಳಿಗೆ ಪ್ರಶಸ್ತಿಯ ಗದ್ಯದಲ್ಲಿ ಉತ್ತರಿಸಲಾಗದು. "ಮೊದಲು ಏನು ಮಾಡಿ ಕೆಟ್ಟಿರಿ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಪ್ರಶಸ್ತಿಗಳೇ ಬೇಡವೆಂದು ನಾನು ವಾದಿಸುತ್ತಿಲ್ಲ. ಸರಕಾರಿ ನೌಕರನ ಬಾಳಿನಲ್ಲಿ ತಪ್ಪಿಗೆ ದಂಡವುಂಟು, ಒಳ್ಳೆಯ ಕೆಲಸಕ್ಕೆ ಹೆಚ್ಚಾಗಿ ಮೌನವೇ ಉತ್ತರ. ದೂರದ ಊರೊಂದರ ನೋಂದಣಿ ಗುಮಾಸ್ತನನ್ನು ಮಾಸ್ಟ್ರಿಖ್ಟಿಗೆ ಕರೆದು ಹತ್ತು ನಾಡುಗಳವರ ಮುಂದೆ ನಿಲ್ಲಿಸುವುದು ಸಣ್ಣ ಮಾತಲ್ಲ. ಆ ಗೌರವವಿಲ್ಲದಿದ್ದರೆ ಅವನ ಉಪಾಯವು ಅವನೊಡನೆಯೇ ನಿವೃತ್ತವಾಗುತ್ತಿತ್ತು. ಫಲಕವು ಬಂದ ದಿನ ನಮ್ಮ ಶಾಖೆಯ ಜವಾನನು ಅದನ್ನು ಒರೆಸಿ ಗೋಡೆಗೆ ತೂಗುಹಾಕಿದ ಬಗೆಯನ್ನು ನಾನು ಮರೆತಿಲ್ಲ. ನನ್ನ ಪ್ರಾರ್ಥನೆಯು ಇಷ್ಟೆ: ಪ್ರಶಸ್ತಿಯ ಕೆಳಗೆ ಶಾಸನದ ಉಳಿದ ಭಾಗವೂ ಇರಲಿ. ಈ ಉಪಾಯವು ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬ ಎಲ್ಲೆಗಳು ಬೇಕು. ಎಷ್ಟು ಹಣ, ಎಷ್ಟು ಜನ, ಎಷ್ಟು ಕಾಲ ಹಿಡಿಯಿತೆಂಬ ಅಳತೆ ಬೇಕು. ಕೆಟ್ಟ ಮೊದಲ ಪ್ರಯತ್ನದ ಉಲ್ಲೇಖ ಬೇಕು. ಕಛೇರಿಗೆ ಸೇರದ ಸಾಕ್ಷಿಗಳು ಬೇಕು. ಸಾಲಿನಲ್ಲಿ ನಿಂತವರಿಗಿಂತ ಒಳ್ಳೆಯ ಸಾಕ್ಷಿಗಳು ಯಾರಿದ್ದಾರೆ? ಐದು ವರ್ಷಗಳ ಬಳಿಕ ಯಾರಾದರೂ ಮರಳಿ ಹೋಗಿ, ಕಲ್ಲು ನಿಂತಿದೆಯೊ ಉರುಳಿದೆಯೊ ನೋಡಿ ಬರೆಯಬೇಕು.

ಈ ವಿಚಾರವು ನಮಗೆ ದೂರದ್ದಲ್ಲ. ಬ್ರಿಟಿಷರ ನಾಗರಿಕ ಸನ್ನದನ್ನು 1997ರ ಮುಖ್ಯಮಂತ್ರಿಗಳ ಸಮ್ಮೇಳನದ ತರುವಾಯ ನಾವೂ ಬರಮಾಡಿಕೊಂಡೆವು. ಇಂದು ಅದು ಅನೇಕ ಕಛೇರಿಗಳ ಗೋಡೆಗಳ ಮೇಲೆ ಚೌಕಟ್ಟಿನೊಳಗೆ ತೂಗುತ್ತಿದೆ. ಆಡಳಿತದಲ್ಲಿ ಶ್ರೇಷ್ಠತೆಗಾಗಿ ಪ್ರಧಾನಮಂತ್ರಿಗಳ ಪ್ರಶಸ್ತಿಯು 2006ರಲ್ಲಿ ಸ್ಥಾಪಿತವಾಯಿತು. ಪರನಾಡಿನಿಂದ ಕಲಿಯುವುದರಲ್ಲಿ ಅವಮಾನವಿಲ್ಲ. ಹೊರನಾಡಿನಲ್ಲಿ ನೆಲೆಸಿರುವ ನಮಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕಲಿಯುವಾಗ ಅವರ ಸ್ತುತಿಯನ್ನು ಮಾತ್ರವಲ್ಲದೆ ಅವರ ಎಲ್ಲೆಕಟ್ಟುಗಳನ್ನೂ ಕೇಳಿ ಪಡೆಯಬೇಕು. ನನ್ನ ಟಿಪ್ಪಣಿಯಲ್ಲಿ ಬಿಟ್ಟುಹೋಗಿದ್ದ ಭಾಗವನ್ನು ತಡವಾಗಿಯಾದರೂ ಇಲ್ಲಿ ಬರೆದಿದ್ದೇನೆ. ಇದನ್ನು ಓದುವ ಸೋದರ ನೌಕರರಲ್ಲಿ ಒಬ್ಬಿಬ್ಬರಾದರೂ ತಮ್ಮ ಟಿಪ್ಪಣಿಗಳನ್ನು ಪೂರ್ತಿಮಾಡಿದರೆ ಈ ಬರಹದ ಉದ್ದೇಶವು ಸಫಲವಾದಂತೆ.