ಪದ ಹೇಳಿದವರು ತಮ್ಮ ಕತೆ ಹೇಳಿದಾಗ

ನಮ್ಮ ಕಡೆ ಭಾಗವತರು ಹಾಡುತ್ತಾರೆ ಎನ್ನುವುದು ಕಡಿಮೆ. ಪದ ಹೇಳುತ್ತಾರೆ ಎನ್ನುವುದೇ ರೂಢಿ. ಧರ್ಮಸ್ಥಳ, ಬೆಳ್ತಂಗಡಿ, ಮೂಡುಬಿದಿರೆ, ಬಂಟ್ವಾಳ, ಎಲ್ಲಿಯ ಹೋಟೆಲಿನಲ್ಲಿ ಕುಳಿತರೂ ಆಟದ ಮರುದಿನ ಕಿವಿಗೆ ಬೀಳುವ ಮೊದಲ ಪ್ರಶ್ನೆ, 'ನಿನ್ನೆ ಪದ ಯಾರದ್ದು?' ಪ್ರಸಂಗ ಯಾವುದು, ವೇಷ ಯಾರದ್ದು ಎಂಬುದು ಆಮೇಲೆ. ಬೇರೆ ಕಡೆ ಸಿನಿಮಾ ಗಾಯಕರಿಗೆ ಸಿಗುವ ಅಭಿಮಾನ ಇಲ್ಲಿ ಭಾಗವತರಿಗೆ ಸಿಗುತ್ತದೆ. ಇಂದು ಪಟ್ಲ ಸತೀಶ ಶೆಟ್ಟರ ಪದ ಮೊಬೈಲಿನಿಂದ ಮೊಬೈಲಿಗೆ ಹೋಗುವ ಹಾಗೆ, ಹಿಂದೆ ದಾಮೋದರ ಮಂಡೆಚ್ಚರ, ಕಡತೋಕಾ ಮಂಜುನಾಥ ಭಾಗವತರ ಪದಗಳ ಕ್ಯಾಸೆಟ್ಟುಗಳು ಮನೆಯಿಂದ ಮನೆಗೆ ಹೋಗುತ್ತಿದ್ದವು. ಇಂಥ ಒಬ್ಬರು ಮುಪ್ಪಿನಲ್ಲಿ ಕುಳಿತು ತಮ್ಮ ಬದುಕನ್ನು ಹೇಳಿದರೆ ಅಭಿಮಾನಿ ಅದನ್ನು ಓದದೆ ಬಿಡುವುದಿಲ್ಲ. ಅವನಿಗೆ ಅದರಲ್ಲಿ ಏನು ಸಿಗುತ್ತದೆ, ಏನು ಸಿಗಬೇಕಿತ್ತು ಎಂಬುದನ್ನು ನೋಡಬೇಕು.

ಮೊದಲು ಸಿಗುವುದು ಅವನದೇ ರಾತ್ರಿಗಳು. ಗದ್ದೆಯಲ್ಲಿ ಚಾಪೆ ಹಾಸಿ ಅಮ್ಮನ ಸೆರಗಿನಡಿ ನಿದ್ದೆ ಹೋಗಿದ್ದ ಹುಡುಗ ಬೆಳಗಿನ ಜಾವ ಚೆಂಡೆಯ ಪೆಟ್ಟಿಗೆ ಎದ್ದು ಕುಳಿತಿದ್ದು, ಹಿಂಗಾರದ ವಾಸನೆ, ಗ್ಯಾಸ್‌ಲೈಟಿನ ಸುತ್ತ ಹುಳಗಳು. ಭಾಗವತರು 'ಆ ವರ್ಷ ನಾನು ಇಂಥ ಮೇಳದಲ್ಲಿದ್ದೆ' ಎಂದರೆ ಸಾಕು, ಓದುವವನು ತಾನು ಆ ವರ್ಷ ಎಲ್ಲಿದ್ದೆ ಎಂದು ಲೆಕ್ಕ ಹಾಕುತ್ತಾನೆ. ಈ ಸೆಳೆತ ನಿಜವಾದದ್ದು, ಅದನ್ನು ಹಗುರ ಮಾಡಬಾರದು. ಆದರೆ ಪುಸ್ತಕ ಇಷ್ಟಕ್ಕೇ ನಿಂತರೆ ಅದರ ಅರ್ಧ ಕೆಲಸ ಬಾಕಿ ಉಳಿಯಿತು.

ಕರಾವಳಿಯಲ್ಲಿ ಕಲಾವಿದರನ್ನು ಗೌರವಿಸಲು ನಾವು ಹೆಚ್ಚಾಗಿ ಹಿಡಿದ ದಾರಿ ಅಭಿನಂದನ ಗ್ರಂಥ. ಅದರಲ್ಲಿ ಎಲ್ಲರೂ ಕಲಾವಿದರ ಬಗ್ಗೆ ಮಾತಾಡುತ್ತಾರೆ; ಕಲಾವಿದರಿಗೆ ಸಿಗುವುದು ಒಂದು ಸಣ್ಣ ಸಂದರ್ಶನ. ಸನ್ಮಾನಗಳ ಪಟ್ಟಿ, ಶಾಲು ಹೊದಿಸುವ ಫೋಟೋ, ಆಮೇಲೆ ಒಂದೇ ದನಿಯ ಹೊಗಳಿಕೆ. ಈ ಗ್ರಂಥಗಳ ನೆರಳು ಆತ್ಮಕಥೆಗಳ ಮೇಲೂ ಬಿದ್ದಿದೆ. ಸ್ವತಃ ಕಲಾವಿದರೇ ಮಾತಾಡುವಾಗಲೂ ಪುಟಗಳು ಬಿರುದು, ಬಹುಮಾನಗಳ ಕಡೆಗೆ ಜಾರುತ್ತವೆ.

ಇದಕ್ಕೆ ಮದ್ದು ನಿರೂಪಣೆ. ರಾತ್ರಿಯಿಡೀ ರಂಗಸ್ಥಳದಲ್ಲಿ ಕಳೆದವರಿಗೆ ಬರವಣಿಗೆಯ ಮೇಜು ಅಭ್ಯಾಸವಿರುವುದಿಲ್ಲ. ಮಾತು ಮಾತ್ರ ಧಾರಾಳ. ಎದುರಿಗೆ ಒಳ್ಳೆಯ ಕಿವಿ ಬೇಕು. ಬಂಟ್ವಾಳ ತಾಲೂಕಿನ ಮಂಚಿಯ ಬಾಬುಕೋಡಿಯಲ್ಲಿ 1929ರಲ್ಲಿ ಹುಟ್ಟಿದ ಬಿ.ವಿ. ಕಾರಂತರು ಬಾಲ್ಯದಲ್ಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು, ರಂಗಸಂಗೀತಕ್ಕೆ ಹೊಸ ಕಿವಿ ಕೊಟ್ಟವರು. ಅವರ ಆತ್ಮಕಥೆ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ' ನಮ್ಮ ಕೈಗೆ ಬಂದದ್ದು ವೈದೇಹಿ ಕುಳಿತು ಕೇಳಿ ಬರೆದುಕೊಂಡದ್ದರಿಂದ. 2002ರಲ್ಲಿ ಕಾರಂತರು ಹೋದರು. ಆ ಮಾತುಕತೆ ನಡೆಯದಿದ್ದರೆ ಅವರ ಮಾತಿನ ಲಯವೂ ಅವರ ಜೊತೆಗೇ ಹೋಗುತ್ತಿತ್ತು. ಘಟ್ಟದ ಮೇಲೆಯೂ ಹೀಗೆಯೇ. ಗಂಗೂಬಾಯಿ ಹಾನಗಲ್ಲರ 'ನನ್ನ ಬದುಕಿನ ಹಾಡು', ಮಲ್ಲಿಕಾರ್ಜುನ ಮನ್ಸೂರರ 'ನನ್ನ ರಸಯಾತ್ರೆ' ಹಿಂದೂಸ್ತಾನಿ ಗಾಯಕರ ಒಳಮನೆಯನ್ನು ಕನ್ನಡದಲ್ಲಿ ತೆರೆದಿಟ್ಟವು. ಯಕ್ಷಗಾನದ ಹಿಮ್ಮೇಳಕ್ಕೆ ಅಂಥ ಭಾಗ್ಯ ಬಂದದ್ದು ತಡವಾಗಿ.

ಮುಮ್ಮೇಳದವರಲ್ಲಿ ಸೂರಿಕುಮೇರು ಗೋವಿಂದ ಭಟ್ಟರ ಆತ್ಮಕಥೆಯ ಹೆಸರೇ 'ಎಪ್ಪತ್ತು ತಿರುಗಾಟಗಳು'. ಬಹುಕಾಲ ಧರ್ಮಸ್ಥಳ ಮೇಳದಲ್ಲಿ ವೇಷ ಕಟ್ಟಿದವರು ಅವರು. ಆಯುಸ್ಸನ್ನು ವರ್ಷಗಳಿಂದಲ್ಲ, ತಿರುಗಾಟಗಳಿಂದ ಎಣಿಸುವ ಈ ಹೆಸರು ನನಗೆ ತುಂಬ ಇಷ್ಟ. ಮೇಳ ಹೊರಟರೆ ಪತ್ತನಾಜೆಯವರೆಗೆ ದಿನಕ್ಕೊಂದು ಊರು, ಹಗಲು ನಿದ್ದೆ, ರಾತ್ರಿ ಬಣ್ಣ. ಹಾಗೆ ಬದುಕಿದವರಿಗೆ ಇದಕ್ಕಿಂತ ಸರಿಯಾದ ಲೆಕ್ಕ ಬೇರೆ ಇಲ್ಲ.

ಆದರೆ ನಾನು ನಿಲ್ಲಬೇಕಾದದ್ದು ಲೀಲಾವತಿ ಬೈಪಾಡಿತ್ತಾಯರ ಬಳಿ. 1947ರಲ್ಲಿ ಕಾಸರಗೋಡಿನ ಮಧೂರಿನಲ್ಲಿ ಹುಟ್ಟಿ, ಶಾಸ್ತ್ರೀಯ ಸಂಗೀತ ಕಲಿತು, ಮದುವೆಯ ನಂತರ ಮದ್ದಳೆಗಾರರಾದ ಗಂಡ ಹರಿನಾರಾಯಣ ಬೈಪಾಡಿತ್ತಾಯರಿಂದ ಯಕ್ಷಗಾನದ ತಾಳ, ನಡೆ ಕಲಿತವರು. ತೆಂಕುತಿಟ್ಟಿನ ವೃತ್ತಿಮೇಳದಲ್ಲಿ ಜಾಗಟೆ ಹಿಡಿದ ಮೊದಲ ಹೆಂಗಸು. ಬೆಳ್ತಂಗಡಿ ತಾಲೂಕಿನ ಅಳದಂಗಡಿಯ ಅರುವ ಮೇಳವೂ ಅವರು ಪದ ಹೇಳಿದ ಮೇಳಗಳಲ್ಲಿ ಒಂದು; ಧರ್ಮಸ್ಥಳದ ಯಕ್ಷಗಾನ ಕಲಿಕಾ ಕೇಂದ್ರದಲ್ಲಿ ಅವರು ಗುರುವಾಗಿಯೂ ಇದ್ದರು. ಅವರ ಬದುಕಿನ ಕಥನ 'ಯಕ್ಷಗಾನ ಲೀಲಾವಳಿ', ವಿದ್ಯಾರಶ್ಮಿ ಪೆಲತ್ತಡ್ಕ ಅವರ ನಿರೂಪಣೆಯಲ್ಲಿ ಬಂದಿದೆ.

ಈ ಕಥನ ಯಾಕೆ ಮುಖ್ಯ? ಭಾಗವತರನ್ನು ಒಂದನೇ ವೇಷ ಎನ್ನುತ್ತೇವೆ. ಅವರು ಬರಿಯ ಗಾಯಕರಲ್ಲ, ಇಡೀ ಆಟದ ಸೂತ್ರ ಅವರ ಕೈಯಲ್ಲಿ. ಯಾವ ಪದ ಬಿಡಬೇಕು, ಯಾವುದನ್ನು ಎತ್ತಿ ಹೇಳಬೇಕು, ವೇಷಧಾರಿ ಸೋತರೆ ಹೇಗೆ ಎತ್ತಿಕೊಳ್ಳಬೇಕು, ಬೆಳಕು ಹರಿಯುವುದರೊಳಗೆ ಕತೆಯನ್ನು ಹೇಗೆ ಮುಗಿಸಬೇಕು, ಎಲ್ಲ ಆ ಸ್ಥಾನದಿಂದಲೇ ತೀರ್ಮಾನ. ಗಂಡಸರೇ ತುಂಬಿದ ಮೇಳದಲ್ಲಿ, ಗಂಡಸರ ಶ್ರುತಿಗೆ ಒಗ್ಗಿದ ರಂಗದಲ್ಲಿ ಒಬ್ಬ ಹೆಂಗಸು ಆ ತೀರ್ಮಾನ ಮಾಡಿದರೆ ಏನೇನು ಬದಲಾಗುತ್ತದೆ? ಇದಕ್ಕೆ ಉತ್ತರ ಕೊಡಲು ಇನ್ನೊಬ್ಬರಿರಲಿಲ್ಲ. ಅಭಿಮಾನಿ ಅವರ ದನಿಗಾಗಿ ಪುಸ್ತಕ ತೆರೆಯಬಹುದು. ಮುಚ್ಚುವಾಗ ಅವನ ಕೈಯಲ್ಲಿರುವುದು ಆ ಕಾಲದ ಸಮಾಜದ ಚರಿತ್ರೆ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಕೇಳಿ ಬರೆದುಕೊಳ್ಳುವ ಕೆಲಸ ಅದಕ್ಕೆ ಮೊದಲೇ ಆಗಿತ್ತು.

ಈ ಪರಂಪರೆಯ ಮೇಲೆ ನನ್ನ ದೊಡ್ಡ ಆಕ್ಷೇಪ ಕಸುಬಿನ ವಿಷಯದಲ್ಲಿ. ನಮ್ಮ ಕಲಾವಿದರ ಕಥನಗಳಲ್ಲಿ ಬಡತನ ಬರುತ್ತದೆ, ಗುರುಭಕ್ತಿ ಬರುತ್ತದೆ, ಮೇಳದಿಂದ ಮೇಳಕ್ಕೆ ಹೋದದ್ದು ಬರುತ್ತದೆ. ಕಂಠ ಬರುವುದು ಕಡಿಮೆ. ಬಲಿಪ ನಾರಾಯಣ ಭಾಗವತರನ್ನೇ ನೋಡಿ. ಮೂಡುಬಿದಿರೆಯ ಹತ್ತಿರದ ಮಾರೂರಿನಲ್ಲಿ ನೆಲೆಸಿದ್ದು, ದಶಕಗಳ ಕಾಲ ಕಟೀಲು ಮೇಳದಲ್ಲಿ ಪದ ಹೇಳಿ, 2023ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ಹೆಸರಿನ ಅಜ್ಜನಿಂದ ಬಂದ ಆ ಮಟ್ಟನ್ನು ಜನ ಬಲಿಪ ಶೈಲಿ ಎಂದು ಗುರುತಿಸಿದರು. ಏರುಶ್ರುತಿಯಲ್ಲಿ, ರಾಗದ ಅಲಂಕಾರಕ್ಕೆ ಮನಸೋಲದೆ, ಸಾಹಿತ್ಯದ ಅಕ್ಷರ ಬಯಲಿನ ಕೊನೆಯಲ್ಲಿ ಕುಳಿತವನಿಗೂ ಮುಟ್ಟುವಂತೆ ಹೇಳುವ ಕ್ರಮ ಅದು. ಐದು ದಿನಗಳ ದೇವಿಮಹಾತ್ಮೆ ಪ್ರಸಂಗ ಬರೆದವರೂ ಅವರೇ. ಆ ದನಿಯನ್ನು ಮೂರು ಗಂಟೆಯ ಜಾವದಲ್ಲೂ ಕುಗ್ಗದಂತೆ ಹೇಗೆ ಕಾಪಾಡಿಕೊಳ್ಳುತ್ತಾರೆ, ಉಸಿರನ್ನು ಎಲ್ಲಿ ಕದಿಯುತ್ತಾರೆ, ಏರು ಪದಕ್ಕೆ ಚೆಂಡೆಯವರಿಗೆ ಕಣ್ಣಿನಲ್ಲಿ ಏನು ಸೂಚನೆ, ಇಂಥವೇ ಈ ವಿದ್ಯೆಯ ಜೀವ. ನಿರೂಪಕರು ಇವನ್ನು ಕೆದಕಿ ಕೇಳಬೇಕು. ಸನ್ಮಾನದ ತಾರೀಕು ಪತ್ರಿಕೆಯಲ್ಲಿ ಸಿಗುತ್ತದೆ, ಇದು ಸಿಗುವುದಿಲ್ಲ.

ಇನ್ನೊಂದು ಕೊರತೆ, ಸಂಕೋಚ. ಮೇಳವೆಂದರೆ ದೇವರ ಸೇವೆ, ಯಜಮಾನರು ಬೇಕಾದವರು, ಒಡನಾಡಿಗಳು ನಂಟರ ಹಾಗೆ. ಹಾಗಾಗಿ ಸಂಬಳ, ಮಳೆಗಾಲದ ಬರಿಗೈ, ಮನಸ್ತಾಪ ಎಲ್ಲ ಒಂದು ಸಾಲಿನಲ್ಲಿ ಮುಗಿಯುತ್ತವೆ. ಈ ವಿನಯವನ್ನು ನಾನು ಗೌರವಿಸುತ್ತೇನೆ. ಆದರೂ ಬಯಲಾಟ ಟೆಂಟಿಗೆ ಬಂದದ್ದು, ಈಗ ಇಡೀ ರಾತ್ರಿಯ ಆಟ ಕಾಲಮಿತಿಗೆ ಇಳಿದದ್ದು ಭಾಗವತರ ಕಂಠಕ್ಕೂ ಮನೆಗೂ ಏನು ಮಾಡಿತು ಎಂದು ಅವರಲ್ಲದೆ ಯಾರು ಹೇಳಬೇಕು? ಅಭಿಮಾನಿ ಮುನಿಸಿಕೊಳ್ಳುವುದಿಲ್ಲ. ಕಷ್ಟ ತಿಳಿದ ಮೇಲೆ ಪದ ಅವನಿಗೆ ಇನ್ನೂ ಹತ್ತಿರವಾಗುತ್ತದೆ.

ಪತ್ತನಾಜೆ ಕಳೆದು ಗೆಜ್ಜೆ ಬಿಚ್ಚಿದ ಮೇಲೆ ಮೇಳಗಳು ಮತ್ತೆ ಹೊರಡಲು ತಿಂಗಳುಗಳಿವೆ. ಹಿರಿಯ ಭಾಗವತರು ಮಳೆ ನೋಡುತ್ತಾ ಮನೆಯ ಜಗಲಿಯಲ್ಲಿರುತ್ತಾರೆ. ನಿಮ್ಮೂರಿನಲ್ಲಿ ಅಂಥವರಿದ್ದರೆ ಈ ಮಳೆಗಾಲದಲ್ಲೇ ಹೋಗಿ ಎದುರು ಕುಳಿತುಕೊಳ್ಳಿ, ಫೋನಿನ ರೆಕಾರ್ಡರ್ ಒತ್ತಿ, ಶಾಲುಗಳ ಸುದ್ದಿ ಬಿಟ್ಟು ಪದದ ಬಗ್ಗೆ ಕೇಳಿ.