ಲೇಪಾಕ್ಷಿಯ ಚಿತ್ರಗಳಲ್ಲಿ ಶೃಂಗಾರದ ಔಚಿತ್ಯ

ಹದಿನೇಳನೆಯ ಶತಮಾನದ ಫ್ಲಾಂಡರ್ಸ್ ದೇಶದಲ್ಲಿ ಪ್ರಣಯವೂ ಸಿರಿವಂತರ ವಿನೋದಗೋಷ್ಠಿಗಳೂ ಚಿತ್ರಕ್ಕೆ ಸ್ವತಂತ್ರವಾದ ವಸ್ತುವಾದುವು. ಆಂಟ್‌ವರ್ಪ್ ಪಟ್ಟಣದ ಹಿಯೆರೋನಿಮಸ್ ಯಾನ್ಸೆನ್ಸನು (1624–1693) ನರ್ತನಗೋಷ್ಠಿಗಳನ್ನು ಚಿತ್ರಿಸಿ ಚಿತ್ರಿಸಿ ‘ನರ್ತಕ’ನೆಂಬ ಅಡ್ಡಹೆಸರನ್ನೇ ಪಡೆದನು. ಅವನಿಗಿಂತ ಹಿರಿಯನಾದ ರೂಬೆನ್ಸನು 1630ರಲ್ಲಿ, ತನ್ನ ಐವತ್ತಮೂರನೆಯ ವಯಸ್ಸಿನಲ್ಲಿ, ಎರಡನೆಯ ಮದುವೆಯಾದನು. ಆ ದಶಕದಲ್ಲಿ ಅವನು ರಚಿಸಿದ ‘ಪ್ರಣಯೋದ್ಯಾನ’ವು ಈಗ ಮ್ಯಾಡ್ರಿಡ್ಡಿನ ಪ್ರಾಡೊ ಚಿತ್ರಶಾಲೆಯಲ್ಲಿದೆ. ಪಟ್ಟೆಯುಡುಗೆಯ ತರುಣತರುಣಿಯರು ಉದ್ಯಾನದಲ್ಲಿ ನೆರೆದಿದ್ದಾರೆ. ಮನ್ಮಥಶಿಶುವೊಂದು ನಾಚಿ ನಿಂತವಳನ್ನು ನಲ್ಲನ ಕಡೆಗೆ ನೂಕುತ್ತಿದೆ. ರತಿದೇವಿಯಂತಿರುವ ವೀನಸ್ಸಳು ಕಾರಂಜಿಯ ಮೇಲಿನ ಶಿಲಾಪ್ರತಿಮೆ ಮಾತ್ರ. ಅಲ್ಲಿ ಮನುಷ್ಯರು ವಸ್ತು, ದೇವತೆಗಳು ಅಲಂಕಾರ.

ನಮ್ಮ ಪ್ರಾಚೀನರು ದೇವರನ್ನು ಚಿತ್ರಿಸಿದರೇ ಹೊರತು ಮನುಷ್ಯರ ಪ್ರಣಯವನ್ನು ಚಿತ್ರಿಸಲಿಲ್ಲವೆಂಬ ಆಕ್ಷೇಪವೊಂದುಂಟು. ಇದಕ್ಕೆ ಉತ್ತರವನ್ನು ಹುಡುಕುವವರು ಹಿಂದೂಪುರಕ್ಕೆ ಸಮೀಪವಾದ ಲೇಪಾಕ್ಷಿಗೆ ಹೋಗಬೇಕು. ಆ ಊರು ಇಂದು ಆಂಧ್ರಪ್ರದೇಶಕ್ಕೆ ಸೇರಿದ್ದರೂ ಅಲ್ಲಿಯ ವೀರಭದ್ರ ದೇವಾಲಯದ ಗೋಡೆಗಳಲ್ಲಿ ಕನ್ನಡ ಶಾಸನಗಳಿವೆ. ವಿಜಯನಗರದ ಅಚ್ಯುತದೇವರಾಯನ ಕಾಲದಲ್ಲಿ (1529–1542) ವಿರೂಪಣ್ಣ, ವೀರಣ್ಣರೆಂಬ ಸಹೋದರರು ಅದನ್ನು ವಿಸ್ತರಿಸಿ ಕಟ್ಟಿಸಿದರು. ಮಂಟಪಗಳ ಮಾಡಿನಲ್ಲಿ ಗಿರಿಜಾಕಲ್ಯಾಣ, ದ್ರೌಪದೀ ಸ್ವಯಂವರ, ಕಿರಾತಾರ್ಜುನೀಯ ಮೊದಲಾದ ಕಥೆಗಳು ಕಾವಿ, ಹಳದಿ, ಹಸಿರು, ಕಪ್ಪು, ಬಿಳಿ ಬಣ್ಣಗಳಲ್ಲಿ ಸಾಲಾಗಿ ಹರಿದಿವೆ.

ದೇವತೆಗಳ ಶೃಂಗಾರವನ್ನು ಎಷ್ಟರಮಟ್ಟಿಗೆ ತೋರಬಹುದೆಂಬುದು ಅಲಂಕಾರಶಾಸ್ತ್ರದಲ್ಲಿ ಹಳೆಯ ವಿವಾದ. ಉತ್ತಮದೇವತೆಗಳ ಸಂಭೋಗವನ್ನು ವರ್ಣಿಸುವುದು ತಾಯಿತಂದೆಯರ ಸಂಭೋಗವನ್ನು ವರ್ಣಿಸಿದಂತೆ ಅನುಚಿತವೆಂಬುದು ಮಮ್ಮಟನ ಮತ. ಕಾಳಿದಾಸನಲ್ಲಿ ಈ ದೋಷವಿದ್ದರೂ ಅವನ ಪ್ರತಿಭಾಶಕ್ತಿಯಲ್ಲಿ ಅದು ಮರೆಯಾಗುತ್ತದೆಂಬುದು ಆನಂದವರ್ಧನನ ಸಮಾಧಾನ. ಲೇಪಾಕ್ಷಿಯ ಚಿತ್ರಕಾರನು ಮೂರನೆಯದೊಂದು ದಾರಿಯನ್ನು ಹಿಡಿದನು. ಅವನು ಆಲಿಂಗನವನ್ನು ಬಿಟ್ಟು ಅದರ ಹಿಂದುಮುಂದಿನ ಕ್ಷಣಗಳನ್ನು ಆರಿಸಿಕೊಂಡನು. ಸಖಿಯರು ಪಾರ್ವತಿಯನ್ನು ಮದುವೆಗೆ ಸಿಂಗರಿಸುತ್ತಾರೆ. ಇನ್ನೊಂದೆಡೆ ಶಿವಪಾರ್ವತಿಯರು ಪಗಡೆಯಾಡುತ್ತಾರೆ. ಒಂದರಲ್ಲಿ ನಿರೀಕ್ಷೆ, ಇನ್ನೊಂದರಲ್ಲಿ ಸರಸ. ರತಿಭಾವವು ವಾಚ್ಯವಾಗದೆ ವ್ಯಂಗ್ಯವಾಗಿಯೇ ಉಳಿಯುವುದರಿಂದ ಔಚಿತ್ಯಕ್ಕೆ ಭಂಗವಿಲ್ಲ, ರಸಕ್ಕೆ ಕೊರತೆಯೂ ಇಲ್ಲ.

ಈ ಸಂಯಮದ ಫಲವಾಗಿಯೇ ಅಂದಿನ ನಾಗರಿಕಸಮಾಜವು ಚಿತ್ರದೊಳಕ್ಕೆ ಬಂದಿತು. ಸಿಂಗಾರವನ್ನು ತೋರಬೇಕಾದರೆ ಸೀರೆಯನ್ನೂ ಒಡವೆಯನ್ನೂ ತೋರಲೇಬೇಕು. ಮದುವೆಯನ್ನು ತೋರಬೇಕಾದರೆ ನೆಂಟರಿಷ್ಟರನ್ನು ನೆರೆಸಲೇಬೇಕು. ಹಿಮವಂತನ ಮನೆಗೆ ಬಂದವರು ವಿಜಯನಗರದ ಸ್ತ್ರೀಪುರುಷರೇ ಆಗಿದ್ದಾರೆ. ಚೌಕುಳಿ, ಹೂಬಳ್ಳಿಗಳ ಸೀರೆಗಳು, ಓರೆಯಾಗಿ ಕಟ್ಟಿದ ತುರುಬುಗಳು, ಗಂಡಸರ ಎತ್ತರವಾದ ಕುಳ್ಳಾಯಿಗಳು—ಇವು ಯಾವುವೂ ಪುರಾಣದವಲ್ಲ. ಇಲ್ಲಿ ದೇವರು ವಸ್ತು, ಮನುಷ್ಯರು ಅಲಂಕಾರ. ಅಷ್ಟರಿಂದಲೇ ಮನುಷ್ಯರು ಗೌಣರಾದರೆನ್ನಲಾಗದು.

ರೂಬೆನ್ಸನ ಬಣ್ಣದ ಮೃದುತ್ವವಾಗಲಿ, ದೇಹಕ್ಕೆ ಅವನು ಕೊಟ್ಟ ಘನತೆಯಾಗಲಿ ಇಲ್ಲಿಲ್ಲವೆಂದು ಒಪ್ಪಬೇಕು. ಮುಖಗಳು ಬಹುಮಟ್ಟಿಗೆ ಪಾರ್ಶ್ವದಿಂದಲೇ ಕಾಣುತ್ತವೆ. ಒಬ್ಬ ಸಖಿಯ ಮುಖವನ್ನು ಮತ್ತೊಬ್ಬಳದರಿಂದ ಬೇರ್ಪಡಿಸುವುದು ಕಷ್ಟ. ವ್ಯಕ್ತಿಯ ಮನಸ್ಸನ್ನು ಮುಖದಲ್ಲಿ ಓದಬಯಸುವವರಿಗೆ ಫ್ಲಾಂಡರ್ಸಿನ ಚಿತ್ರವೇ ಮೇಲು. ಆದರೆ ಇಲ್ಲಿ ಭಾವವನ್ನು ಹೊತ್ತಿರುವುದು ರೇಖೆ. ಬಾಗಿದ ಮೈ, ಎತ್ತಿದ ಕೈ, ಒಬ್ಬರತ್ತ ಒಬ್ಬರು ತಿರುಗಿದ ಕಣ್ಣು ಇವುಗಳ ಲಯದಲ್ಲಿಯೇ ಅದನ್ನು ಅರಿಯಬೇಕು.

ಯಾತ್ರಿಕರಲ್ಲಿ ಅನೇಕರು ನೆಲಕ್ಕೆ ತಾಗದಂತಿರುವ ಕಂಬದ ಕೆಳಗೆ ಬಟ್ಟೆಯನ್ನು ತೂರಿಸಿ, ಬೆರಗಾಗಿ ಹಿಂದಿರುಗುತ್ತಾರೆ. ತಲೆಯೆತ್ತಿ ಮಾಡನ್ನು ನೋಡುವವರು ವಿರಳ. ಬಣ್ಣವು ಅನೇಕ ಕಡೆಗಳಲ್ಲಿ ಉದುರಿಹೋಗಿದೆ. ನಮ್ಮಲ್ಲಿ ಇಂತಹ ಚಿತ್ರಗಳೇ ಇಲ್ಲವೆಂಬ ಮಾತು ಇಂದು ಅಜ್ಞಾನ. ನೋಡುವವರಿಲ್ಲದೆ ಅವು ಅಳಿದುಹೋದರೆ ನಾಳೆ ಅದೇ ಮಾತು ಸತ್ಯವಾದೀತು.